ಬಗೆಹರಿಯಿತು ಎಂಬ ಗುರುತು

“ಉತ್ತರ ಸರಿಯಾಗಿದ್ರೆ ಸಾಲದಾ ಮೇಷ್ಟ್ರೇ? ಅದನ್ನ ನಯವಾಗಿ ಬೇರೆ ಹೇಳಬೇಕಾ?”

ಪಾಲಾಕ್ಷ ಹೀಗೆ ಕೇಳಿದ್ದು ತಿಪ್ಪೇರುದ್ರಪ್ಪ ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ. ಮೇಷ್ಟ್ರು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತರಾದವರು. ಜನ ಗುಜರಿಗೆ ಹಾಕಲು ತೆಗೆದಿಟ್ಟ ಕಂಪ್ಯೂಟರುಗಳನ್ನು ತರಿಸಿಕೊಂಡು, ಒಳಗಿನ ಧೂಳು ಒರೆಸಿ, ಲಿನಕ್ಸ್ ಎಂಬ ಬಿಟ್ಟಿ ತಂತ್ರಾಂಶ ಹಾಕಿ, ಕೇಳಿದ ಶಾಲೆಗಳಿಗೆ ಕೊಟ್ಟುಬಿಡುತ್ತಿದ್ದರು. ಪಾಲಾಕ್ಷ ಅವರ ಬಳಿ ಕಲಿತವನು. ಈಗ ಲಿನಕ್ಸ್ ಬಳಸುವವರ ಒಂದು ಆನ್‌ಲೈನ್ ಬಳಗದಲ್ಲಿ ಅವನೇ ಉತ್ತರ ಹೇಳುವವರ ಸಾಲಿನಲ್ಲಿದ್ದ. ಕೆಲಸ ಮುಗಿಸಿ ಮನೆಗೆ ಬಂದವನು ಕೈಕಾಲು ತೊಳೆಯುವ ಮೊದಲು ಬಳಗ ತೆರೆದು ನೋಡುತ್ತಿದ್ದ. ಯಾರದೋ ಊರಿನ ಯಾರದೋ ಪ್ರಿಂಟರ್ ನಿಂತರೆ ಇವನಿಗೆ ಊಟ ಸೇರುತ್ತಿರಲಿಲ್ಲ.

ಅಂದು ಬೆಳಿಗ್ಗೆ ಬಳಗ ನಡೆಸುವವರು ಅವನಿಗೆ ಬರೆದಿದ್ದರು. ನಿಮ್ಮ ತಿಳಿವಳಿಕೆಯ ಬಗ್ಗೆ ನಮಗೆ ಗೌರವವಿದೆ, ಆದರೆ ನೀವು ಮಾತನಾಡುವ ಧಾಟಿಯ ಬಗ್ಗೆ ದೂರುಗಳು ಬಂದಿವೆ, ತಿದ್ದಿಕೊಳ್ಳದಿದ್ದರೆ ಉತ್ತರ ಹೇಳುವ ಕೆಲಸದಿಂದ ನಿಮ್ಮನ್ನು ಬಿಡಿಸಬೇಕಾಗುತ್ತದೆ ಎಂದು. ಯಾರೋ ಒಬ್ಬರು ‘ಕಂಪ್ಯೂಟರ್ ಓಡ್ತಿಲ್ಲ, ಸಹಾಯ ಮಾಡಿ’ ಎಂದು ಕೇಳಿದ್ದಕ್ಕೆ ‘ಅದಕ್ಕೆ ಕಾಲಿಲ್ಲ, ಓಡಲ್ಲ, ಏನಾಗಿದೆ ಅನ್ನೋದನ್ನ ಮೊದಲು ಸರಿಯಾಗಿ ಹೇಳಿ’ ಎಂದು ಇವನು ಬರೆದದ್ದನ್ನು ಉದಾಹರಣೆಯಾಗಿ ಕೊಟ್ಟಿದ್ದರು. ಪಾಲಾಕ್ಷನಿಗೆ ಸಿಟ್ಟು ಬಂದದ್ದು ನಿಜ. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ಅದು ಅರ್ಥವೇ ಆಗಿರಲಿಲ್ಲ. ಬೈದ ಮೇಲೆ ಉತ್ತರವನ್ನೂ ಕೊಟ್ಟಿದ್ದನಲ್ಲ? ಕೇಳಿದವರಿಗೆ ಬೇಕಾಗಿದ್ದುದು ಅದೇ ಅಲ್ಲವೇ? ಹಾಗಾದರೆ ಏನು ಕಡಿಮೆಯಾಯಿತು? ಅದನ್ನು ತಿಳಿಯಲೇಬೇಕೆಂದು ನೇರವಾಗಿ ಇಲ್ಲಿಗೆ ಬಂದಿದ್ದ.

ಮೇಷ್ಟ್ರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು.

“ಒಂದು ಕತೆ ಹೇಳ್ತೀನಿ, ಕೂತ್ಕೋ. ನಡುವೆ ಬಾಯಿ ಹಾಕಬೇಡ” ಎಂದರು. ಪಾಲಾಕ್ಷ ಸ್ಟೂಲು ಎಳೆದುಕೊಂಡು ಕುಳಿತ. ಮೇಷ್ಟ್ರು ಪಾಠ ಹೇಳುವ ಧ್ವನಿಯಲ್ಲಿ ಶುರು ಮಾಡಿದರು.

ಒಂದು ಬಳಗವಿತ್ತು. ನಿನ್ನ ಬಳಗದಂತೆಯೇ ಅದೂ ಲಿನಕ್ಸ್ ಬಳಸುವವರದು. ತೊಂದರೆಯಾದವನು ಅಲ್ಲಿ ಬರೆಯುತ್ತಿದ್ದ, ಗೊತ್ತಿದ್ದವನು ಉತ್ತರಿಸುತ್ತಿದ್ದ. ಯಾರೂ ಯಾರ ಮುಖವನ್ನೂ ಕಂಡವರಲ್ಲ. ಅಲ್ಲೊಂದು ಪದ್ಧತಿ ಇತ್ತು. ತೊಂದರೆ ನೀಗಿದ ಮೇಲೆ ಕೇಳಿದವನೇ ಬಂದು ತನ್ನ ಪ್ರಶ್ನೆಗೆ ‘ಬಗೆಹರಿಯಿತು’ ಎಂದು ಗುರುತು ಹಾಕಬೇಕು. ನಾಳೆ ಅದೇ ತೊಂದರೆ ಇನ್ನೊಬ್ಬನಿಗೆ ಬಂದಾಗ ಅವನು ಹುಡುಕುತ್ತಾನೆ. ಆ ಗುರುತು ಕಂಡರೆ, ಇದು ಬರೀ ಬಾಯಿಮಾತಿನ ಉತ್ತರವಲ್ಲ, ಒಬ್ಬ ಮಾಡಿ ನೋಡಿದ್ದಾನೆ ಎಂದು ಧೈರ್ಯ ತಂದುಕೊಳ್ಳುತ್ತಾನೆ. ಬಳಗವೆಲ್ಲ ಆ ಒಂದು ಗುರುತಿನ ಮೇಲೆ ನಡೆಯುತ್ತಿತ್ತು.

ಆ ಬಳಗದಲ್ಲಿ ಒಬ್ಬ ಬಲ್ಲವನಿದ್ದ. ಅವನು ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಿದವರಿಗೆ ಇಲ್ಲವೆಂದವನಲ್ಲ, ತನ್ನ ಹೊತ್ತಿಗೆ ಯಾರಿಂದಲೂ ಏನನ್ನೂ ಬಯಸಿದವನಲ್ಲ. ತಿಳಿದದ್ದೂ ಬಹಳವಿತ್ತು. ಆದರೆ ನಾಲಿಗೆಗೆ ಲಗಾಮಿರಲಿಲ್ಲ. ‘ಪರದೆಯ ಮೇಲೆ ಬಂದದ್ದನ್ನು ಓದಲು ಬರುತ್ತದೆಯೇ, ಅದನ್ನೂ ನಾನೇ ಬಂದು ಓದಬೇಕೇ?’ ಎಂದು ಶುರುಮಾಡಿ, ಆಮೇಲೆ ಉತ್ತರ ಹೇಳುತ್ತಿದ್ದ. ಹೇಳಿದಂತೆ ಮಾಡಿದೆ, ಆಗಲಿಲ್ಲ ಎಂದು ಯಾರಾದರೂ ಮರಳಿ ಬಂದರೆ ಅವನ ಬಳಿ ಸಿದ್ಧವಾದ ಒಂದು ಸಾಲಿತ್ತು. ‘ಆಗುತ್ತದೆ, ನಿಮಗೆ ಮಾಡಲು ಬಂದಿಲ್ಲ.’

ಇದರಿಂದ ಒಂದು ವಿಚಿತ್ರವಾಯಿತು. ಉಳಿದವರ ಉತ್ತರಗಳ ಕೆಳಗೆ ಮಾತು ಉದ್ದಕ್ಕೆ ಬೆಳೆಯುತ್ತಿತ್ತು. ಆಗಲಿಲ್ಲ ಸರ್, ಅರ್ಧ ಆಯಿತು, ಈಗ ಬೇರೆ ಏನೋ ಬರುತ್ತಿದೆ, ಇನ್ನೊಮ್ಮೆ ನೋಡಿ ಎಂದು ಜನ ಎಳೆಯುತ್ತಲೇ ಇರುತ್ತಿದ್ದರು. ಬಲ್ಲವನ ಉತ್ತರಗಳ ಕೆಳಗೆ ಹಾಗಿರುತ್ತಿರಲಿಲ್ಲ. ಅವನು ಉತ್ತರ ಕೊಟ್ಟ ಮೇಲೆ ಅಲ್ಲಿ ಬರುತ್ತಿದ್ದುದು ಗುರುತು ಒಂದೇ, ಬಗೆಹರಿಯಿತು. ಅವನಿಗೆ ಅದನ್ನು ನೋಡಿದರೆ ಹೊಟ್ಟೆ ತುಂಬುತ್ತಿತ್ತು. ಗೊತ್ತಿಲ್ಲದವರು ಹತ್ತು ಮಾತಾಡಿ ಮಾಡುವುದನ್ನು ನಾನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ ಎಂದುಕೊಳ್ಳುತ್ತಿದ್ದ.

ಇಲ್ಲಿ ಪಾಲಾಕ್ಷನ ಮುಖ ಅರಳಿತು. ತನ್ನ ಉತ್ತರಗಳ ಕೆಳಗೂ ಹೀಗೆಯೇ ಎಂದು ಹೇಳಲು ಬಾಯಿ ತೆರೆದವನು, ಮೇಷ್ಟ್ರ ಮಾತು ನೆನಪಾಗಿ ಸುಮ್ಮನಾದ.

ಬಲ್ಲವನಿಗೆ ಇನ್ನೊಂದು ಕೆಲಸವಿತ್ತು. ಅದು ಅವನ ಪ್ರಾಣ. ಅವನ ಊರಿನಲ್ಲಿ ಹಿಂದೆ ಒಂದು ಅಚ್ಚುಕೂಟವಿತ್ತು. ಅಲ್ಲಿಯ ಸೀಸದ ಅಚ್ಚುಮೊಳೆಗಳ ಅಕ್ಷರ ಬಹಳ ಚೆಂದ. ಅಂಥ ತುಂಬುಗೆನ್ನೆಯ ‘ಅ’ ಮತ್ತೆಲ್ಲೂ ಇಲ್ಲ ಎಂದು ಅವನು ಹೇಳುತ್ತಿದ್ದ. ಅಚ್ಚುಕೂಟ ಮುಚ್ಚುವ ಹೊತ್ತಿಗೆ ಅವನು ಹೋಗಿ, ಒಂದೊಂದು ಮೊಳೆಯನ್ನೂ ಕೈಯಲ್ಲಿ ಹಿಡಿದು, ಮಸಿ ಹಚ್ಚಿ ಒತ್ತಿ, ಚಿತ್ರ ತೆಗೆದುಕೊಂಡಿದ್ದ. ಆಮೇಲೆ ಮಾಲೀಕ ಮೊಳೆಗಳನ್ನು ಕರಗಿಸಿ ಮಾರಿಬಿಟ್ಟ. ಅಂದಿನಿಂದ ಬಲ್ಲವನು ಆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ತಿದ್ದಿ ಬರೆಯುತ್ತಿದ್ದ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಕನ್ನಡದ ಒಂದು ಫಾಂಟ್ ಮಾಡಿ ಬಿಡುಗಡೆ ಮಾಡಬೇಕೆಂಬುದು ಅವನ ಆಸೆ. ಸ್ವರ ಮುಗಿದಿತ್ತು, ವ್ಯಂಜನ ಮುಗಿದಿತ್ತು, ಗುಣಿತವೂ ಮುಗಿದಿತ್ತು. ಕೆಲವು ಒತ್ತಕ್ಷರ ಮಾತ್ರ ಬಾಕಿ. ವರ್ಷಗಳ ಆ ಕೆಲಸ, ಮೊಳೆಗಳ ಚಿತ್ರಗಳ ಸಮೇತ, ಕಂಪ್ಯೂಟರಿಗೆ ಹೊರಗಿನಿಂದ ಸಿಕ್ಕಿಸುವ ಒಂದು ಡಿಸ್ಕಿನಲ್ಲಿತ್ತು.

“ಬ್ಯಾಕಪ್ ಇತ್ತಲ್ಲ?” ಎಂದು ಪಾಲಾಕ್ಷ ತಡೆಯಲಾರದೆ ಕೇಳಿದ.

ಬಾಯಿ ಹಾಕಬೇಡ ಎಂದಿದ್ದೆ, ಎಂದರು ಮೇಷ್ಟ್ರು. ಇರಲಿಲ್ಲ. ಬ್ಯಾಕಪ್ ಎಂದು ಇನ್ನೊಂದು ಪ್ರತಿ ಇಟ್ಟುಕೊಳ್ಳದವರನ್ನು ಅವನಷ್ಟು ಬೈದವರು ಆ ಬಳಗದಲ್ಲಿ ಇನ್ನೊಬ್ಬರಿಲ್ಲ. ಊರಿಗೆಲ್ಲ ಹೇಳುವುದರಲ್ಲಿ ತನ್ನ ಮನೆಯದು ಇಂದು ನಾಳೆ ಎಂದು ಉಳಿದುಹೋಗಿತ್ತು. ಮುಂದೆ ಕೇಳು.

ಒಂದು ದಿನ ಫೋಟೋ ಸ್ಟುಡಿಯೋದವನೊಬ್ಬ ಬಳಗಕ್ಕೆ ಬರೆದ. ಮದುವೆಗಳ ಫೋಟೋ ಇಟ್ಟಿದ್ದ ಡಿಸ್ಕ್ ತೆರೆಯುತ್ತಿಲ್ಲ, ನಿನ್ನೆಯವರೆಗೂ ಚೆನ್ನಾಗಿತ್ತು, ಏನು ಮಾಡಲಿ ಎಂದು ಕೇಳಿದ. ಡಿಸ್ಕಿನ ಒಳಗಿಂದ ಟಿಕ್ ಟಿಕ್ ಎಂದು ಸದ್ದು ಬರುತ್ತಿದೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ಕೊನೆಯಲ್ಲಿ ಸೇರಿಸಿದ್ದ.

ಇಂಥದ್ದನ್ನು ಬಲ್ಲವನು ಹಿಂದೆ ಸರಿಪಡಿಸಿದ್ದ. ಕರೆಂಟು ಹೋಗಿಯೋ, ಅವಸರದಲ್ಲಿ ತಂತಿ ಕಿತ್ತೋ ಡಿಸ್ಕಿನ ಒಳಗಿನ ವ್ಯವಸ್ಥೆ ಕೆಟ್ಟಿರುತ್ತದೆ. ಅದನ್ನೆಲ್ಲ ಪರಿಶೀಲಿಸಿ, ತಪ್ಪು ಕಂಡಲ್ಲೆಲ್ಲ ನಮ್ಮನ್ನು ಕೇಳದೆಯೇ ತಿದ್ದುತ್ತ ಹೋಗುವ ಒಂದು ಕಮಾಂಡ್ ಇದೆ. ಬಲ್ಲವನು ಆ ಕಮಾಂಡ್ ಬರೆದ. ಅದರ ಕೆಳಗೆ, ‘ಸದ್ದಿನ ಕತೆ ಇಲ್ಲಿ ಯಾರೂ ಕೇಳಿಲ್ಲ. ಹೇಳಿದಷ್ಟು ಮಾಡಿ. ಆದ ಮೇಲೆ ಗುರುತು ಹಾಕಿ, ಕೆಲಸವಾದ ಮೇಲೆ ಓಡಿಹೋಗುವವರು ಇಲ್ಲಿ ಬಹಳ ಮಂದಿ’ ಎಂದೂ ಬರೆದ.

ಮರುದಿನ ಗುರುತು ಬಿತ್ತು. ‘ಬಗೆಹರಿಯಿತು, ಧನ್ಯವಾದಗಳು ಸರ್’ ಎಂದು ಸ್ಟುಡಿಯೋದವನು ಬರೆದಿದ್ದ.

ಆಮೇಲೆ ಇನ್ನೂ ಕೆಲವರಿಗೆ ಅದೇ ತೊಂದರೆ ಬಂತು. ಒಬ್ಬ ಔಷಧಿ ಅಂಗಡಿಯವನು, ನನ್ನ ಡಿಸ್ಕ್ ಕೂಡ ಟಿಕ್ ಅನ್ನುತ್ತಿದೆ, ಇದನ್ನೇ ಮಾಡಬಹುದೇ ಎಂದು ಅಲ್ಲಿಯೇ ಕೆಳಗೆ ಕೇಳಿದ. ‘ಮೇಲೆ ಬಗೆಹರಿಯಿತು ಎಂದು ಇರುವುದು ಕಾಣುವುದಿಲ್ಲವೇ?’ ಎಂದ ಬಲ್ಲವನು. ಅಂಗಡಿಯವನೂ ಎರಡು ದಿನ ಬಿಟ್ಟು ಬಂದು ‘ನನಗೂ ಬಗೆಹರಿಯಿತು’ ಎಂದು ಬರೆದ. ಒಬ್ಬ ಸಂಗೀತದ ಮೇಡಂ ಬರೆದರು, ಒಬ್ಬ ವಕೀಲ ಬರೆದ. ಒಳ್ಳೆಯ ಉತ್ತರವೆಂದು ಬಳಗದವರು ಅದನ್ನು ಎಲ್ಲರಿಗೂ ಕಾಣುವಂತೆ ಮೇಲೆ ಅಂಟಿಸಿದರು.

ಹೀಗಿರುವಾಗ ಬಲ್ಲವನ ಡಿಸ್ಕ್ ಒಂದು ಬೆಳಿಗ್ಗೆ ತೆರೆಯಲಿಲ್ಲ. ಕಿವಿಗೊಟ್ಟು ಕೇಳಿದ. ಒಳಗೆ ಟಿಕ್ ಟಿಕ್ ಎನ್ನುತ್ತಿತ್ತು.

ಕಮಾಂಡ್ ಅವನ ಬೆರಳ ತುದಿಯಲ್ಲೇ ಇತ್ತು. ಆದರೂ ಕೈ ನಿಂತಿತು. ಅವನು ದಡ್ಡನಲ್ಲ. ಸದ್ದು ಮಾಡುವ ಡಿಸ್ಕ್ ಒಳಗೇ ಸವೆಯುತ್ತಿರಬಹುದು, ಅಂಥದ್ದರ ಮೇಲೆ ತಿದ್ದುವ ಕಮಾಂಡ್ ಓಡಿಸಿದರೆ ಏನಾಗುತ್ತದೆ ಎಂಬ ಒಂದು ಅನುಮಾನ ಅವನಲ್ಲಿ ಎದ್ದಿತು. ಇನ್ನೊಬ್ಬರ ಡಿಸ್ಕಿಗೆ ಬಾರದ ಅನುಮಾನ ತನ್ನ ಡಿಸ್ಕಿಗೆ ಬಂತು, ಅದು ಲೋಕದ ರೂಢಿ. ಯಾರನ್ನು ಕೇಳುವುದು? ಅವನು ಯಾರನ್ನೂ ಕೇಳಿ ಅಭ್ಯಾಸವಿದ್ದವನಲ್ಲ. ಕೊನೆಗೆ ಬಳಗ ತೆರೆದು ತನ್ನದೇ ಹಳೆಯ ಉತ್ತರವನ್ನು ಹುಡುಕಿದ.

ಅಲ್ಲಿ ಸ್ಟುಡಿಯೋದವನ ಡಿಸ್ಕ್ ಟಿಕ್ ಎಂದಿತ್ತು, ಬಗೆಹರಿದಿತ್ತು. ಔಷಧಿ ಅಂಗಡಿಯವನದೂ ಟಿಕ್ ಎಂದಿತ್ತು, ಅದೂ ಬಗೆಹರಿದಿತ್ತು. ಮೇಡಂ, ವಕೀಲ, ಎಲ್ಲರದೂ ಬಗೆಹರಿದಿತ್ತು. ಆಗಲಿಲ್ಲ ಎಂದವನು ಒಬ್ಬನೂ ಇರಲಿಲ್ಲ. ಇಷ್ಟು ಜನ ಮಾಡಿ ನೋಡಿದ ಮೇಲೆ ಇನ್ನೇನು ಅನುಮಾನ ಎಂದು ಬಲ್ಲವನು ನಿಟ್ಟುಸಿರು ಬಿಟ್ಟು, ಕಮಾಂಡ್ ಕೊಟ್ಟ.

ಡಿಸ್ಕ್ ಬಹಳ ಹೊತ್ತು ಓಡಿತು. ಮುಗಿದ ಮೇಲೆ ತೆರೆಯಿತು ಕೂಡ. ಒಳಗೆ ನೋಡಿದರೆ ಫಾಂಟ್ ಇಲ್ಲ, ಮೊಳೆಗಳ ಚಿತ್ರಗಳಿಲ್ಲ. ಹೆಸರಿಲ್ಲದ ಚೂರುಪಾರು ಫೈಲುಗಳು ರಾಶಿ ಬಿದ್ದಿದ್ದವು. ಅವನು ಒಂದೊಂದನ್ನೇ ತೆರೆದ. ಎಲ್ಲೋ ‘ಘ’ದ ಅರ್ಧ ಹೊಟ್ಟೆ, ಎಲ್ಲೋ ಒಂದು ದೀರ್ಘದ ಬಾಲ. ಮತ್ತೊಮ್ಮೆ ಹೋಗಿ ಒತ್ತಿಕೊಂಡು ಬರೋಣವೆಂದರೆ ಮೊಳೆಗಳು ಕರಗಿ ಕಾಲವಾಗಿತ್ತು.

ಡಿಸ್ಕ್ ಕಳೆದುಕೊಂಡವರ ಪ್ರಶ್ನೆಗಳನ್ನು ಪಾಲಾಕ್ಷ ಎಷ್ಟೋ ಓದಿದ್ದ. ಅವುಗಳ ಹಿಂದೆ ಕುಳಿತಿದ್ದವನ ಮುಖ ಹೇಗಿದ್ದೀತು ಎಂದು ಯಾವತ್ತೂ ಯೋಚಿಸಿರಲಿಲ್ಲ.

ಬಲ್ಲವನು ಅತ್ತ, ಎಂದು ಮೇಷ್ಟ್ರು ಮುಂದುವರಿಸಿದರು. ಅತ್ತು ಮುಗಿದ ಮೇಲೆ ಅವನಿಗೆ ಒಂದು ಕುತೂಹಲ ಹುಟ್ಟಿತು. ಬಲ್ಲವರ ಸ್ವಭಾವವೇ ಹಾಗೆ, ಮನೆ ಬಿದ್ದರೂ ಯಾವ ಕಂಬದಿಂದ ಬಿತ್ತು ಎಂದು ನೋಡುತ್ತಾರೆ. ಅದೇ ಸದ್ದು, ಅದೇ ತೊಂದರೆ, ಅದೇ ಕಮಾಂಡ್. ಎಲ್ಲರಿಗೂ ಆದದ್ದು ನನಗೊಬ್ಬನಿಗೆ ಏಕೆ ಆಗಲಿಲ್ಲ? ಅವರು ನಾನು ಮಾಡದ ಯಾವುದೋ ಒಂದನ್ನು ಮಾಡಿರಬೇಕು. ಅದೇನು? ಅದನ್ನು ತಿಳಿಯದೆ ಅವನಿಗೆ ಇರಲಾಗಲಿಲ್ಲ.

ಅವನು ಆ ಉತ್ತರದ ಕೆಳಗೆ, ಜೀವಮಾನದಲ್ಲಿ ಮೊದಲ ಸಲ, ಒಂದು ಪ್ರಶ್ನೆ ಬರೆದ. ‘ನನ್ನ ಡಿಸ್ಕಿನಲ್ಲೂ ಸದ್ದು ಬರುತ್ತಿತ್ತು. ಇದೇ ಕಮಾಂಡ್ ಕೊಟ್ಟೆ. ಎಲ್ಲವೂ ಹೋಯಿತು. ನಿಮ್ಮೆಲ್ಲರದು ಹೇಗೆ ಸರಿಹೋಯಿತು? ದಯವಿಟ್ಟು ಯಾರಾದರೂ ಹೇಳಿ.’

ಬಳಗವೇ ಬೆಚ್ಚಿತು. ಯಾರೂ ಉತ್ತರಿಸಲಿಲ್ಲ. ಬಲ್ಲವನೇ ಕೇಳಿದ್ದಾನೆಂದರೆ ಇದೇನೋ ಪರೀಕ್ಷೆ ಇರಬೇಕು, ಸಿಕ್ಕಿಬಿದ್ದರೆ ಮಾನ ಹರಾಜು ಹಾಕುತ್ತಾನೆ ಎಂದು ಎಲ್ಲರೂ ದೂರದಿಂದಲೇ ನೋಡಿ ಹೋದರು. ಅವನು ಇನ್ನೊಮ್ಮೆ ಕೇಳಿದ. ಮತ್ತೂ ಒಮ್ಮೆ ಕೇಳಿದ. ಆಗ ಸ್ಟುಡಿಯೋದವನು ಮೆಲ್ಲಗೆ ಬಂದ.

“ಸರ್, ಬೇಜಾರು ಮಾಡ್ಕೋಬೇಡಿ. ನಂದೂ ಹೋಯ್ತು. ಒಂದು ಮದುವೆ ಫೋಟೋನೂ ಸಿಗ್ಲಿಲ್ಲ. ಹೆಣ್ಣಿನ ಕಡೆಯವರು ಸ್ಟುಡಿಯೋ ಬಾಗಿಲಿಗೆ ಬಂದು ಕೂತಿದ್ರು.”

“ಮತ್ತೆ ಬಗೆಹರಿಯಿತು ಅಂತ ಯಾಕೆ ಬರೆದ್ರಿ?”

“ಆಗ್ಲಿಲ್ಲ ಅಂದಿದ್ರೆ, ನಿಮಗೆ ಮಾಡೋಕೆ ಬರಲ್ಲ ಅಂತ ನೀವು ಬರೀತಿದ್ರಿ. ಫೋಟೋ ಹೋಗಿದ್ದೇ ಸಾಕಾಗಿತ್ತು ಸರ್.”

ಕಟ್ಟೆ ಒಡೆದಂತೆ ಉಳಿದವರೂ ಬಂದರು. ಮೇಡಂ ಅವರ ಗುರುಗಳ ಹಾಡಿನ ಧ್ವನಿಮುದ್ರಣ ಹೋಗಿತ್ತು. ಎಲ್ಲರಿಗೂ ಆಗಿದೆ, ನನಗೊಬ್ಬಳಿಗೇ ಆಗಿಲ್ಲ, ತಪ್ಪು ನನ್ನದೇ ಇರಬೇಕು ಎಂದು ಅವರು ನಾಚಿಕೊಂಡಿದ್ದರು. ಬಲ್ಲವನು ಈಗ ಅಂದುಕೊಂಡಿದ್ದನಲ್ಲ, ಅದನ್ನೇ ಅವರೂ ಅಂದುಕೊಂಡಿದ್ದರು. ವಕೀಲನೂ ಹಾಗೆಯೇ. ಅಲ್ಲಿದ್ದ ಗುರುತುಗಳಲ್ಲಿ ಆ ಕಮಾಂಡಿನಿಂದ ನಿಜವಾಗಿ ಬಗೆಹರಿದದ್ದು ಒಂದೂ ಇರಲಿಲ್ಲ.

ಎಲ್ಲರಿಗಿಂತ ಕೊನೆಗೆ ಬಂದವನು ಔಷಧಿ ಅಂಗಡಿಯವನು. ಅವನ ಡಿಸ್ಕ್ ಮಾತ್ರ ನಿಜವಾಗಿಯೂ ಉಳಿದಿತ್ತು. ನಿಮ್ಮ ಉತ್ತರ ನೋಡಿ ಹೆದರಿಕೆಯಾಯಿತು, ಕಮಾಂಡ್ ಕೊಡದೆ ಬೇರೆ ಕಡೆ ವಿಚಾರಿಸಿದೆ ಎಂದು ಅವನು ಬರೆದ. ಸದ್ದು ಮಾಡುವ ಡಿಸ್ಕನ್ನು ತಿದ್ದಲು ಹೋಗಬಾರದು. ಇದ್ದದ್ದನ್ನು ಇದ್ದಂತೆಯೇ, ಸಿಕ್ಕಷ್ಟನ್ನು, ಮೊದಲು ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳಬೇಕು. ತಿದ್ದುವುದೇನಿದ್ದರೂ ಆ ನಕಲಿನ ಮೇಲೆ. ಎರಡು ಸಾಲಿನ ಮಾತು. ಓದಿದ ಕೂಡಲೇ ಬಲ್ಲವನಿಗೆ ಅದು ಸರಿ ಎಂದು ಗೊತ್ತಾಯಿತು. ಅಂದು ಅವನಲ್ಲಿ ಎದ್ದ ಅನುಮಾನವೂ ಇದನ್ನೇ ಹೇಳಲು ಹೊರಟಿತ್ತು.

“ಇದು ನಿಮಗೆ ಆಗಲೇ ಗೊತ್ತಿತ್ತಾ? ಇಲ್ಲೇ ಬರೀಬಹುದಿತ್ತಲ್ಲ?”

“ನಿಮ್ಮ ಉತ್ತರದ ಕೆಳಗಾ ಸರ್?”

ಬಲ್ಲವನ ಫಾಂಟನ್ನು ಉಳಿಸಬಹುದಾಗಿದ್ದ ಎರಡು ಸಾಲು ಅಷ್ಟು ದಿನವೂ ಅದೇ ಬಳಗದಲ್ಲಿ, ಒಬ್ಬನ ಬಾಯಲ್ಲಿ ಇತ್ತು. ಆ ಬಾಯಿ ತೆರೆಯದಂತೆ ನೋಡಿಕೊಂಡವನು ಬಲ್ಲವನೇ. ಅವನು ಬಳಗ ನಡೆಸುವವರಿಗೆ ಬರೆದು, ಮೇಲೆ ಅಂಟಿಸಿದ್ದ ತನ್ನ ಉತ್ತರವನ್ನು ತೆಗೆಸಿದ. ಆ ಜಾಗಕ್ಕೆ ಔಷಧಿ ಅಂಗಡಿಯವನ ಸಾಲುಗಳನ್ನು ಹಾಕಿಸಿದ. ಆಮೇಲೆ ಕಂಪ್ಯೂಟರ್ ಮುಚ್ಚಿ, ಮಗ್ಗಿ ಮರೆತ ಹುಡುಗನ ಹಾಗೆ ಗೋಡೆ ನೋಡುತ್ತ ಕುಳಿತ.

ಮೇಷ್ಟ್ರು ಇಷ್ಟು ಹೇಳಿ ಸ್ಕ್ರೂಡ್ರೈವರ್ ಎತ್ತಿಕೊಂಡರು. ಮುಂದಿದ್ದ ಕಂಪ್ಯೂಟರಿನ ಬೆನ್ನು ತೆರೆದು, ಬ್ರಷ್ಷಿನಿಂದ ಫ್ಯಾನಿನ ಧೂಳು ಕೊಡವತೊಡಗಿದರು.

ಪಾಲಾಕ್ಷ ಕುಳಿತೇ ಇದ್ದ. ಅವನಿಗೆ ಆ ಫಾಂಟಿನ ಬಗ್ಗೆ ಮರುಕವಾಯಿತು, ಮದುವೆ ಫೋಟೋಗಳ ಬಗ್ಗೆಯೂ ಆಯಿತು. ಆದರೆ ಕೇಳಲು ಬಂದ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿತ್ತು. ಕತೆಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿದ. ಎಲ್ಲಿ ನೋಡಿದರೂ ಒಂದು ಸಂಗತಿ ಅವನ ಕೈಗೆ ಸಿಕ್ಕಿತು. ತಾನು ಬಚಾವಾಗಲು ಅಷ್ಟು ಸಾಕು ಅನ್ನಿಸಿತು.

“ಕತೆ ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಅವನ ಉತ್ತರಾನೇ ತಪ್ಪಿತ್ತು. ಅದಕ್ಕೆ ಹಂಗಾಯ್ತು. ನಂದು ಹಂಗಲ್ಲ. ನಾನು ಬರೆದ ಉತ್ತರದಲ್ಲಿ ಇವತ್ತಿನವರೆಗೂ ಒಂದೂ ತಪ್ಪಾಗಿಲ್ಲ.”

ಮೇಷ್ಟ್ರು ತಲೆ ಎತ್ತದೆ ಫ್ಯಾನಿನ ಮೇಲಿದ್ದ ಧೂಳನ್ನು ಉಫ್ ಎಂದು ಊದಿ, ಕೇಳಿದರು:

“ಹಾಗಂತ ನಿನಗೆ ಹೇಳಿದವರು ಯಾರಪ್ಪ?”